ಎಡಕ್ಕೆ ವಾಲಿದ ವ್ಯಾನು

ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆ ಮಾಡಿದವರು ನನ್ನ ಗಂಡ. ಮಾಲೂರಿನ ನಮ್ಮ ಮನೆಯ ಮುಂದೆ ಒಂದು ವರ್ಷ ಅದೇ ಕೆಲಸ. ನಾನು ಶಾಲೆಯಿಂದ ನಿವೃತ್ತಳಾದ ಕೂಡಲೇ ಇಬ್ಬರೂ ಊರೂರು ಸುತ್ತುವುದೆಂದು ಮಾತಾಗಿತ್ತು. ಅದಕ್ಕೆ ಎರಡು ತಿಂಗಳಿರುವಾಗ ಅವರು ಎದೆನೋವಿನಿಂದ ಹೋಗಿಬಿಟ್ಟರು. ಮಾರಿಬಿಡು ಎಂದರು ಎಲ್ಲರೂ. ನಾನು ಡ್ರೈವಿಂಗ್ ಕಲಿತೆ.

ಮೊದಲು ಹೊರಟಿದ್ದು ಕುರುಡುಮಲೆಗೆ. ಕೋಲಾರ ದಾಟಿದ ಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಹಿಂದಿನಿಂದ ಧಡ್ ಎಂಬ ಸದ್ದು ಕೇಳತೊಡಗಿತು. ಇಳಿದು ನೋಡಿದರೆ ವ್ಯಾನು ಎಡಕ್ಕೆ ವಾಲಿದೆ. ಬಂಕಿನಲ್ಲಿ ಗಾಳಿ ನೋಡಿಸಿದೆ, ಸರಿಯಾಗಿಯೇ ಇತ್ತು. ಮುಳಬಾಗಿಲಿನ ಹೊರಗೆ ಲಾರಿ ರಿಪೇರಿಯ ಶೆಡ್ಡೊಂದಿತ್ತು. ಮೆಲ್ಲಗೆ ಅಲ್ಲಿಗೆ ತಂದು ನಿಲ್ಲಿಸಿದೆ.

ಮೆಕ್ಯಾನಿಕ್‌ಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಹಿಂದಿನ ಚಕ್ರಗಳ ಮೇಲಿನ ಸಂದಿಯನ್ನು ಕೈಯಿಂದಲೇ ಅಳೆದರು. ಎಡಗಡೆ ನಾಲ್ಕು ಬೆರಳು ಕಡಿಮೆ. ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿದರು.

"ವಿರಿಗಿಪೋಯಿಂದಿ," ಎಂದು ತಮಗೆ ತಾವೇ ತೆಲುಗಿನಲ್ಲಿ ಹೇಳಿಕೊಂಡು, ಆಮೇಲೆ ನನಗೆ ಕೂಗಿದರು: "ಸ್ಪ್ರಿಂಗಿನ ಮೇನ್ ಪಟ್ಟಿ ಮುರ್ದೋಗೈತೆ ಕಣಮ್ಮ. ಇವತ್ತಿಂದಲ್ಲ ಇದು, ಬಿರುಕಲ್ಲಿ ತುಕ್ಕು ಹಿಡಿದೈತೆ."

ಒಂದೇ ಕಡೆ ಬದಲಿಸಿದರೆ ಸಮ ಕೂರುವುದಿಲ್ಲವೆಂದು ಎರಡೂ ಬದಿಗೆ ಹೊಸ ಸ್ಪ್ರಿಂಗ್ ಪಟ್ಟಿಗಳನ್ನು ಕೋಲಾರದಿಂದ ತರಿಸಿದರು. ಬರಲು ಮಾರನೆಯ ಮಧ್ಯಾಹ್ನವಾಯಿತು. ಗಾಡಿ ಜಾಕಿನ ಮೇಲೆ, ನಾನು ಹೊಂಗೆಮರದ ಕೆಳಗೆ. ಗಾಡಿ ಕೆಟ್ಟಿದೆ ಎಂದು ಹೇಳೋಣವೆಂದು ಫೋನ್ ಕೈಗೆತ್ತಿಕೊಂಡೆ. ಹೇಳಬೇಕಾದವರು ಒಬ್ಬರೇ ಇದ್ದರು. ಸುಮ್ಮನೆ ಚೀಲಕ್ಕೆ ಹಾಕಿದೆ.

ಪಟ್ಟಿ ಕೂರಿಸಿ, ಬೋಲ್ಟು ಬಿಗಿದು, ಗಾಡಿ ಇಳಿಸಿ ಮತ್ತೆ ಅಳೆದರು. ಇನ್ನೂ ಎರಡು ಬೆರಳು ಕಡಿಮೆ.

"ಒಳಗೇನೈತಮ್ಮ ಈ ಕಡೆ?"

ಎಡಗಡೆ ನನ್ನ ಗಂಡನ ಮಂಚ. ಅದರ ಕೆಳಗೆ ಹಲಗೆ ಜಡಿದ ಪೆಟ್ಟಿಗೆ. ನಾನು ಅದನ್ನು ತೆರೆದೇ ಇರಲಿಲ್ಲ. ತೆರೆಯಲು ಮನಸ್ಸಾಗಿರಲಿಲ್ಲ ಅನ್ನುವುದೇ ನಿಜ.

"ತೆಗೀಲಾ?" ಎಂದರು. ತಲೆಯಾಡಿಸಿದೆ.

ಸ್ಪ್ಯಾನರುಗಳು, ಕಬ್ಬಿಣದ ಸರಪಳಿ, ಹಳೆಯ ಬ್ಯಾಟರಿ ಹೊರಬಂದವು. ಕೊನೆಗೆ ಗೋಣಿಯಲ್ಲಿ ಸುತ್ತಿದ್ದ ಒಂದು ಒರಳುಕಲ್ಲು, ಹೊಸದು, ಗುಂಡಿನ ಸಮೇತ. ಮಿಕ್ಸಿ ಚಟ್ನಿ ನನಗೆ ಸೇರುವುದಿಲ್ಲ ಎಂದು ಎಂದೋ ಅಂದಿದ್ದೆ. ನನಗೆ ಹೇಳದೆ ತಂದಿಟ್ಟಿದ್ದರು.

ಒರಳಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಮೆಕ್ಯಾನಿಕ್ ಕೈ ತೊಳೆದು ಬಂದು ಅಷ್ಟು ದೂರದಲ್ಲಿ ನಿಂತರು.

"ಬಿಟ್ಟೋಗೋದಾದ್ರೆ ಇಲ್ಲೇ ಇಟ್ಕೋತೀನಮ್ಮ, ಯಾವಾಗಾದ್ರೂ ಬಂದು ತಗೊಂಡೋಗಿ."

"ಇಲ್ಲ. ಬಲಗಡೆಗೆ ಹಾಕಿ."

ಒರಳನ್ನು ನನ್ನ ಮಂಚದ ಕೆಳಗಿಟ್ಟು, ಜಾರದಂತೆ ಹಗ್ಗ ಕಟ್ಟಿದರು. ಸರಪಳಿ, ಬ್ಯಾಟರಿ ಶೆಡ್ಡಿನಲ್ಲೇ ಉಳಿದವು. ಈಗ ಎರಡೂ ಕಡೆ ಸಮವಾಯಿತು.

ಸಂಜೆಗೆ ಮುಂಚೆ ಕುರುಡುಮಲೆ ತಲುಪಿದೆ. ಗಣಪತಿಯ ಎದುರು ಅಷ್ಟೇನೂ ಜನರಿರಲಿಲ್ಲ.

"ಯಾರ ಹೆಸ್ರಲ್ಲಮ್ಮ ಅರ್ಚನೆ?" ಎಂದರು ಅರ್ಚಕರು.

ಇಷ್ಟು ವರ್ಷ ಅದನ್ನು ಹೇಳುತ್ತಿದ್ದವರು ನನ್ನ ಗಂಡ. ಇಬ್ಬರ ಹೆಸರು, ನಕ್ಷತ್ರ ಒಂದೇ ಉಸಿರಿನಲ್ಲಿ. ನಾನು ಹಿಂದೆ ನಿಂತು ಕೈಮುಗಿಯುತ್ತಿದ್ದೆ, ಅಷ್ಟೆ. ನನ್ನ ಹೆಸರು ಹೇಳಿದೆ. ನಕ್ಷತ್ರ ತಕ್ಷಣ ನೆನಪಾಗಲಿಲ್ಲ. ಅರ್ಚಕರು ತಟ್ಟೆ ಹಿಡಿದು ಕಾದರು.