ವರ್ಲೀನಳ ಕೆಮ್ಮಣ್ಣಿನ ಶನಿವಾರಗಳು

ಕೋಯ್ ಸಿಗ್ಮನ್ ಹುಲಿ ಸಾಕಿದ, ಅವನ ಹೆಂಡತಿ ವರ್ಲೀನ್ ಅದರ ಹಲ್ಲು ಕಿತ್ತು ಬೆಕ್ಕು ಮಾಡಿದಳು. ಸೀಡರ್ ಫೋರ್ಕಿನ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದದ್ದು ಹೀಗೆ. ಕ್ಷೌರದಂಗಡಿಯಲ್ಲೂ ಅದೇ ಮಾತು, ಇಗರ್ಜಿಯ ಮೆಟ್ಟಿಲ ಮೇಲೂ ಅದೇ ಮಾತು. "ಇನ್ನೇನು, ಡ್ರೈವರುಗಳಿಗೆ ಹಾಲಿನ ಬಾಟ್ಲಿ ಕಟ್ಟಿ ಕಳಿಸ್ತಾಳೆ ನೋಡು" ಎಂದು ನಗುತ್ತಿದ್ದರು.

ಹುಲಿ ಎಂದರೆ ಕೋಯ್ ತನ್ನ ದನದ ಹುಲ್ಲುಗಾವಲನ್ನು ಅಗೆದು ಕಟ್ಟಿದ ಕಾರು ರೇಸಿನ ಟ್ರ್ಯಾಕು. ಕರೋಲಿನಾದ ಬೆಟ್ಟದ ತಪ್ಪಲಿನ ಕೆಮ್ಮಣ್ಣು; ನೀರು ಚಿಮುಕಿಸಿ ಹದ ಮಾಡಿದರೆ ಬೆಣ್ಣೆ, ಒಣಗಿದರೆ ಕಲ್ಲು. ವಾರವೆಲ್ಲ ಕಾಲುಚೀಲದ ಗಿರಣಿಯಲ್ಲಿ, ಕುರ್ಚಿ ಕಾರ್ಖಾನೆಯಲ್ಲಿ ದುಡಿದವರು ಹಳೆಯ ಕಾರುಗಳ ಹೊಟ್ಟೆ ಬಗೆದು, ಕಬ್ಬಿಣದ ಕೊಳವೆಯ ಪಂಜರ ಕೂರಿಸಿ, ಶನಿವಾರ ಸಂಜೆ ಅಲ್ಲಿ ಓಡಿಸುತ್ತಿದ್ದರು. ನಾಲ್ಕನೇ ತಿರುವಿಗೆ ಅಂಟಿಕೊಂಡಂತೆ ಸಿಗ್ಮನ್ನರ ಮನೆ. ಕಾರುಗಳು ತಿರುಗಿದಾಗಲೆಲ್ಲ ವರ್ಲೀನಳ ಅಡುಗೆಮನೆಯ ತಟ್ಟೆಗಳು ತಾಳ ಹಾಕುತ್ತಿದ್ದವು.

ಕೋಯ್ ಹೃದಯ ನಿಂತು ಹೋದ ಮೇಲೆ ಟ್ರ್ಯಾಕು ಅವಳ ಪಾಲಿಗೆ ಬಂತು. ಟಿಕೆಟ್ ಕಿಟಕಿಯಲ್ಲಿ ಕೂರುವುದು, ಕರಿದ ಬಲೋನಿ ಮಾಂಸದ ಸ್ಯಾಂಡ್‌ವಿಚ್ ಮಾರುವುದು, ಜಗಳ ಬಿಡಿಸುವುದು, ಎಲ್ಲ ಅವಳೇ. ಊರವರ ಬಾಯಲ್ಲಿ ಅವಳು ಗೌರವದ 'ಮಿಸ್ ವರ್ಲೀನ್'. ಅದೇ ವರ್ಷ ಮೂರನೇ ತಿರುವಿನಲ್ಲಿ ಲ್ಯಾಮರ್ ಹಾಯ್ಲ್ ಎಂಬ ಹುಡುಗ ಗೋಡೆಗೆ ಗುದ್ದಿದ. ಕಾರು ಅಷ್ಟೇನೂ ಜಜ್ಜಿರಲಿಲ್ಲ. ದೇಹವನ್ನು ಬೆಲ್ಟು ಹಿಡಿದುಕೊಂಡಿತ್ತು, ತಲೆಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಕತ್ತು ಮುರಿದಿತ್ತು. ನಮ್ಮಲ್ಲಿ ಪೆಟ್ಟು ತಿಂದವನ ಮನೆಯವರಿಗಾಗಿ ಗ್ಯಾಲರಿಯಲ್ಲಿ ಹೆಲ್ಮೆಟ್ ಹಿಡಿದು ಚಂದಾ ಎತ್ತುವುದು ಪದ್ಧತಿ. ಅಂದು ಲ್ಯಾಮರನ ಹೆಲ್ಮೆಟ್ಟೇ ಕೈಯಿಂದ ಕೈಗೆ ದಾಟಿ, ತುಂಬಿ, ಕೊನೆಗೆ ವರ್ಲೀನಳ ಮಡಿಲಿಗೆ ಬಂತು. ಅವಳು ಅದನ್ನು ಲ್ಯಾಮರನ ಹೆಂಡತಿಗೆ ಕೊಡಲು ಹೋದಾಗ ಆ ಹುಡುಗಿ ದುಡ್ಡು ನೋಡಲಿಲ್ಲ. ಹೆಲ್ಮೆಟ್ಟಿನ ಒಳಗಿನ ಮೆತ್ತೆಯನ್ನು ಮೂಸಿ ನೋಡಿದಳು.

ಅದಾಗಿ ನಾಲ್ಕನೆಯ ದಿನ ವರ್ಲೀನ್ ಫೋನೆತ್ತಿದಳು.

ಮುಂದಿನ ಋತುವಿನ ಮೊದಲ ಶನಿವಾರ, ರೇಸಿಗೆ ಮುಂಚಿನ ಡ್ರೈವರುಗಳ ಸಭೆಯಲ್ಲಿ, ಪ್ರಾರ್ಥನೆ ಮುಗಿದು ಟೋಪಿಗಳು ತಲೆಗೇರುವ ಮೊದಲೇ ಅವಳು ಎದ್ದು ನಿಂತಳು.

"ಇವತ್ತಿಂದ ಹೆಲ್ಮೆಟ್ಟಿಗೆ ಕೊಂಡಿ ಹಾಕಿ ತಲೆ ಹಿಡಿದಿಡೋ ಕತ್ತಿನ ಪಟ್ಟಿ ಇಲ್ದೆ ಯಾರೂ ಗೇಟು ದಾಟೋ ಹಾಗಿಲ್ಲ. ಕಿಟಕಿಗೆ ಬಲೆ ಇರ್ಬೇಕು. ಮೈಮೇಲೆ ಬೆಂಕಿ ತಡೆಯೋ ಅಂಗಿ ಇರ್ಬೇಕು. ಬನಿಯನ್ನಲ್ಲಿ ಓಡಿಸ್ತೀನಿ ಅನ್ನೋರು ಮನೆಗೆ ಹೋಗಿ ಹುಲ್ಲು ಕತ್ತರಿಸೋ ಯಂತ್ರ ಓಡಿಸ್ಕೊಳಿ."

ಹಿಂದಿನ ಸಾಲಿನಲ್ಲಿ ಹಾರ್ಲೆಸ್ ಲೇಲ್ ಕಿಸಕ್ಕನೆ ನಕ್ಕ. ಊರಿಗೇ ದೊಡ್ಡ ಡ್ರೈವರು ಅವನು. ಅವನು ಬರುತ್ತಾನೆಂದರೆ ಅರ್ಧ ಗ್ಯಾಲರಿ ತುಂಬುತ್ತಿತ್ತು. ಅವನನ್ನು ಬೈಯಲಿಕ್ಕೆಂದು ಉಳಿದರ್ಧ ತುಂಬುತ್ತಿತ್ತು.

"ಮಿಸ್ ವರ್ಲೀನ್, ಜನ ಬರೋದೇ ನಾವು ಸಾಯ್ತೀವೇನೋ ಅಂತ ನೋಡೋಕೆ. ಆ ಭಯಾನೇ ತೆಗೆದ್ರೆ ಇನ್ನೇನಿದೆ? ದನ ಮೇಯೋದು ನೋಡೋಕೆ ಯಾರಾದ್ರೂ ಬರ್ತಾರಾ?"

"ಹೌದು ಹೌದು, ಉಪ್ಪಿಲ್ಲದ ಬೀನ್ಸು!" ಎಂದು ಮುದುಕ ಫರ್ಮನ್ ಕ್ಲೈನ್ ಸೊಲ್ಲು ಸೇರಿಸಿದ. ಅವನು ಡ್ರೈವರಲ್ಲ, ಏನೂ ಅಲ್ಲ. ಮೊದಲ ಸಾಲಿನ ಪ್ರೇಕ್ಷಕ. ಯಾವ ಸಭೆಗೂ ಕರೆಯದೆ ಬರುತ್ತಿದ್ದ.

"ಹಾರ್ಲೆಸ್, ಮಗಾ," ಎಂದಳು ವರ್ಲೀನ್, "ನೀನು ಸತ್ತರೆ ನೋಡೋಕೆ ಜನ ಒಂದೇ ಸಲ ಬರ್ತಾರೆ. ನನಗೆ ಅವರು ಪ್ರತಿ ಶನಿವಾರ ಬೇಕು."

ಎಲ್ಲರೂ ನಕ್ಕರು. ಆಮೇಲೆ ಅವಳು ಪಟ್ಟಿಗಳ ಪೆಟ್ಟಿಗೆ ತೆರೆದಳು, ನಗು ಅಲ್ಲೇ ನಿಂತಿತು.

ಪಟ್ಟಿಗಳು ಹಸಿರಾಗಿದ್ದವು!

ರೇಸಿನವರಿಗೆ ಹಸಿರು ಆಗಿಬರುವುದಿಲ್ಲ. ಶುರುವಿನ ಬಾವುಟ ಹಸಿರಿರಬಹುದು, ಕಾರಿನಲ್ಲಾಗಲಿ ಮೈಮೇಲಾಗಲಿ ಇರಬಾರದು. ಹಸಿರು ಕಾಲುಚೀಲ ಹಾಕಿ ಬಂದವನನ್ನೂ ವಾಪಸು ಕಳಿಸಿದ ಊರದು. ಇಡೀ ಜನ್ಮ ಇದೇ ಮಣ್ಣಿನಲ್ಲಿ ಕಳೆದ ವರ್ಲೀನ್ ಫೋನಿನಲ್ಲಿ ಅಳತೆ ಕೇಳಿದ್ದಳು, ಬೆಲೆ ಕೇಳಿದ್ದಳು. ಬಣ್ಣ ಕೇಳಲು ಮರೆತಿದ್ದಳು. ಎಲ್ಲೋ ಬಡಗಣ ಪಟ್ಟಣದ ವ್ಯಾಪಾರಿ, ಯಾರೂ ಮುಟ್ಟದೆ ಬಿದ್ದಿದ್ದ ಮಾಲನ್ನು ಇವಳ ತಲೆಗೆ ಕಟ್ಟಿದ್ದ.

"ಕತ್ತು ಉಳಿಸೋಕೆ ಶನೀನೇ ಕತ್ತಿಗೆ ಕಟ್ಕೋಬೇಕಾ?" ಎಂದು ಹಾರ್ಲೆಸ್ ಎದ್ದ. ಅವನ ಹಿಂದೆ ಅರ್ಧಕ್ಕರ್ಧ ಡ್ರೈವರುಗಳು ಎದ್ದು, ಕಾರುಗಳನ್ನು ಲಾರಿಗೇರಿಸಿ ನದಿಯಾಚೆಯ ಟ್ರ್ಯಾಕಿಗೆ ಹೊರಟರು. ಅಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ.

ಆ ಸಂಜೆ ಗ್ಯಾಲರಿಯಲ್ಲಿ ಜನರಿಗಿಂತ ಗುಬ್ಬಚ್ಚಿಗಳೇ ಹೆಚ್ಚಿದ್ದವು. ಅದರ ಮುಂದಿನ ವಾರ ಇನ್ನೂ ಕಡಿಮೆ. ಗುಡ್ಡದಾಚೆಯ ಉಗ್ರಾಣದವನೊಬ್ಬ ಟ್ರ್ಯಾಕಿನ ಜಾಗವನ್ನು ಕ್ರಯಕ್ಕೆ ಕೇಳಿಕೊಂಡು ಬಂದು, ತಿರುವುಗಳನ್ನು ಹೆಜ್ಜೆ ಹಾಕಿ ಅಳೆದು ಹೋದ. ಎಲೆ ಉದುರುವ ಕಾಲಕ್ಕೆ ಗ್ಯಾಲರಿ ತುಂಬದಿದ್ದರೆ ಟ್ರ್ಯಾಕನ್ನು ಅವನಿಗೆ ಬಿಡುವುದೇ ಸೈ. ವರ್ಲೀನಳಿಗೂ ಅದು ಗೊತ್ತಿತ್ತು, ಊರಿಗೂ ಗೊತ್ತಿತ್ತು.

"ಒಂದು ಮಾತು, ಕಟ್ಟಳೆ ತೆಗೆದೆ ಅನ್ನು, ನಾಳೆನೇ ವಾಪಸ್ ಬರ್ತಾರೆ" ಎಂದಳು ತಂಗಿ ಮೋಝೆಲ್, ಬಲೋನಿ ತಿರುವಿಹಾಕುತ್ತ.

"ಬರ್ತಾರೆ. ಅವರಲ್ಲಿ ಒಬ್ಬನ ಹೆಲ್ಮೆಟ್ಟು ಮತ್ತೆ ನನ್ನ ಮಡಿಲಿಗೆ ಬರುತ್ತೆ. ಆಗ ನೀನು ಹೋಗಿ ಅವನ ಹೆಂಡ್ತಿಗೆ ಕೊಡ್ತೀಯಾ?"

ಮೋಝೆಲ್ ಒಲೆ ಆರಿಸಿದಳು. "ಕೊಡಿಲ್ಲಿ ಆ ದರಿದ್ರ ಪಟ್ಟಿಗಳನ್ನ."

ಗಿರಣಿಯಲ್ಲಿ ಹೊಲಿದ ಕೈಗಳು ಅವು. ಇಗರ್ಜಿಯಲ್ಲಿ ಕೂತು ಕೌದಿ ಹೊಲಿಯುವ ಹೆಂಗಸರೆಲ್ಲ ಸೇರಿ ಆ ಹಸಿರು ಕಾಣದಂತೆ ಪಟ್ಟಿಪಟ್ಟಿಗೂ ಗವಸು ಹೊಲಿದರು. ಹಳೆಯ ಜೀನ್ಸು, ಹಾಸಿಗೆಯ ಹೊದಿಕೆ, ಗಂಡಂದಿರ ಭಾನುವಾರದ ಕೋಟು, ಸಿಕ್ಕಿದ್ದೆಲ್ಲ ಕತ್ತರಿಗೆ ಬಂತು.

ಟ್ರ್ಯಾಕು ಬಿಟ್ಟುಹೋಗದೆ ಉಳಿದವರಲ್ಲಿ ಡಾಯ್ಲ್ ವಿಸ್ನಂಟ್ ಒಬ್ಬ. ಹಾರ್ಲೆಸನ ಹಳೆಯ ವೈರಿ. ಗವಸಿನ ಪಟ್ಟಿ ತೊಟ್ಟ ಮೇಲೆ ಅವನಲ್ಲೊಂದು ಬದಲಾವಣೆ ಕಾಣಿಸಿತು. ಮೊದಲು ತಿರುವಿಗೆ ಬಹಳ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ಸಡಿಲಿಸುತ್ತಿದ್ದವನು ಈಗ ಗೋಡೆಯ ಬುಡದವರೆಗೂ ಒತ್ತಿಹಿಡಿದು ಹೋಗತೊಡಗಿದ. ವಾರವಾರವೂ ಗೆದ್ದ. ಗೆದ್ದು ಸುಮ್ಮನಿದ್ದನೇ? ಪೆಟ್ರೋಲ್ ಬಂಕಿನಲ್ಲಿ ನಿಂತು, "ಹಾರ್ಲೆಸ್ ಎಲ್ಲಿ? ಪಟ್ಟಿಗೆ ಹೆದರಿ ನದಿ ಹಾರಿದ್ನಂತೆ" ಎಂದ. ಆ ಮಾತು ನದಿ ದಾಟಲು ಎಷ್ಟು ಹೊತ್ತು?

ಮುಂದಿನ ಶನಿವಾರ ಹಾರ್ಲೆಸನ ಲಾರಿ ಗೇಟಿನ ಮುಂದೆ ನಿಂತಿತ್ತು.

"ಕೊಡಿ ಮಿಸ್ ವರ್ಲೀನ್ ನಿಮ್ಮ ಮೂಗುದಾರ."

"ತಡವಾಗಿ ಬಂದೆ ಮಗಾ. ಇದೊಂದೇ ಉಳಿದಿರೋದು."

ಮೋಝೆಲಳ ಅಡುಗೆಮನೆಯ ಪರದೆಯಿಂದ ಹೊಲಿದ ಗವಸು. ಗುಲಾಬಿ ಬಣ್ಣದ ಬಟ್ಟೆ, ಅದರ ಮೇಲೆ ಅಂಗೈಯಗಲದ ಹೂಗಳು. ಹಾರ್ಲೆಸ್ ಅದನ್ನು ಸತ್ತ ಹಾವನ್ನು ಹಿಡಿದಂತೆ ಹಿಡಿದು ನೋಡಿದ. ಆಚೆ ಡಾಯ್ಲ್ ಕಾರಿನ ಬಾನೆಟ್ಟಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ಹಾರ್ಲೆಸ್ ಹಲ್ಲು ಕಚ್ಚಿ ತೊಟ್ಟುಕೊಂಡ.

ಎಂಥ ರೇಸು ಅದು! ಸುದ್ದಿ ತಿಳಿದು ಬಂದ ಜನ ಮೊದಲ ಸುತ್ತಿಗೇ ಎದ್ದು ನಿಂತವರು ಮತ್ತೆ ಕೂರಲಿಲ್ಲ. ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಇಬ್ಬರೂ ಹೋದರು. ಒಮ್ಮೆ ಒಬ್ಬ ಮುಂದೆ, ಮತ್ತೊಮ್ಮೆ ಇನ್ನೊಬ್ಬ ಮುಂದೆ. ಕೆಮ್ಮಣ್ಣಿನ ಹೆಂಟೆ ಬೇಲಿ ಹಾರಿ ಜನರ ತಂಪು ಚಹಾದೊಳಗೆ ಬೀಳುತ್ತಿತ್ತು. ಕೊನೆಯ ಸುತ್ತು, ಮೂರನೇ ತಿರುವು. ಇಬ್ಬರಲ್ಲಿ ಒಬ್ಬನಾದರೂ ಕಾಲು ಎತ್ತಬೇಕಿತ್ತು. ಯಾರೂ ಎತ್ತಲಿಲ್ಲ. ಚಕ್ರಕ್ಕೆ ಚಕ್ರ ತಗುಲಿತು. ಹಾರ್ಲೆಸನ ಕಾರು ಗೋಡೆಗೆ ಅಪ್ಪಳಿಸಿ, ಎಗರಿ, ಉರುಳುರುಳಿ, ಲ್ಯಾಮರ್ ಸತ್ತ ಜಾಗದಲ್ಲೇ ತಲೆಕೆಳಗಾಗಿ ಬಿತ್ತು.

ವರ್ಲೀನ್ ಟಿಕೆಟ್ ಕಿಟಕಿ ಬಿಟ್ಟು ಓಡಿಬಂದು ಬೇಲಿಯ ತಂತಿ ಹಿಡಿದಳು. ಧೂಳು ಇಳಿಯುತ್ತಿಲ್ಲ, ಏನೂ ಕಾಣುತ್ತಿಲ್ಲ. ದೇವರೇ, ಆ ಬಲೆ ಬಿಚ್ಚಲಿ, ಅಷ್ಟೇ ಸಾಕು ಎಂದುಕೊಂಡಳು. ಬಿದ್ದ ಡ್ರೈವರು ಒಳಗಿನಿಂದ ಕಿಟಕಿಯ ಬಲೆ ಬಿಚ್ಚಿದರೆ ಜೀವ ಗಟ್ಟಿಯಿದೆ ಎಂದರ್ಥ.

ಬಲೆ ಬಿಚ್ಚಿಕೊಂಡಿತು.

ಮೊದಲು ಒಂದು ಕೈ ಬಂತು, ಆಮೇಲೆ ಹೆಲ್ಮೆಟ್ಟು, ಆಮೇಲೆ ಹೂಹೂವಿನ ಗುಲಾಬಿ ಗವಸು. ಹಾರ್ಲೆಸ್ ತೆವಳಿ ಹೊರಬಂದು ನೆಟ್ಟಗೆ ನಿಂತ. ಕತ್ತನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡ. ಆಮೇಲೆ ಪಟ್ಟಿಯ ಕೊಂಡಿ ಬಿಚ್ಚಿ, ಗೆದ್ದು ಸುತ್ತು ಬರುತ್ತಿದ್ದ ಡಾಯ್ಲನ ಕಾರಿಗೆ ಗುರಿಯಿಟ್ಟು ಹೆಲ್ಮೆಟ್ಟನ್ನು ಬೀಸಿ ಎಸೆದ.

"ಮುಂದಿನ ಶನಿವಾರ ಬಾರೋ! ನಿನ್ನನ್ನ ಆ ಗೋಡೆ ಒಳಗೇ ಹೂತುಹಾಕ್ತೀನಿ!"

"ಹೂವಿನ ಮದುಮಗಳೇ, ಬರ್ತೀನಿ ಕಣೇ!" ಎಂದು ಡಾಯ್ಲ್ ಕಿಟಕಿಯಿಂದ ಕೂಗಿದ.

ಸೀಡರ್ ಫೋರ್ಕಿನಲ್ಲಿ ಅಂಥ ಬೊಬ್ಬೆ ಯಾರೂ ಕೇಳಿರಲಿಲ್ಲ. ಹೆಂಗಸರು ಬೆಂಚಿನ ಮೇಲೆ ಹತ್ತಿ ಕುಣಿದರು. ಫರ್ಮನ್ ಮುದುಕ ಟೋಪಿ ಎಸೆದು, ಅದು ಎಲ್ಲಿ ಬಿತ್ತೆಂದು ಹುಡುಕುತ್ತಿದ್ದ. ವರ್ಲೀನಳಿಗೆ ಲ್ಯಾಮರ್ ಬಿದ್ದ ಸಂಜೆ ನೆನಪಾಯಿತು. ಅಂದು ಜನ ಒಬ್ಬರ ಮುಖ ಒಬ್ಬರು ನೋಡದೆ ಕಾರುಗಳತ್ತ ನಡೆದಿದ್ದರು. ಎಷ್ಟೋ ಮನೆಯವರು ಮರಳಿ ಬಂದೇ ಇರಲಿಲ್ಲ. ಇಂದು ಒಬ್ಬರೂ ಮನೆಗೆ ಹೊರಡುವ ಹಾಗೆ ಕಾಣಲಿಲ್ಲ.

"ಏನು ಫರ್ಮನ್, ಬೀನ್ಸಿಗೆ ಉಪ್ಪು ಸಾಲ್ದಾ?" ಎಂದು ಬೇಲಿಯಿಂದಲೇ ಕೇಳಿದಳು.

"ಸುಮ್ನಿರಮ್ಮ ತಾಯಿ! ಮುಂದಿನ ವಾರಕ್ಕೆ ನನ್ನ ಜಾಗ ಹಿಡಿದಿಡು ಮೊದ್ಲು."

ಮುಂದಿನ ಶನಿವಾರ ಗಾಡಿಗಳ ಸಾಲು ಇಗರ್ಜಿಯವರೆಗೂ ಬಂತು. ನದಿಯಾಚೆಗೆ ಹೋದವರು ಒಬ್ಬೊಬ್ಬರಾಗಿ ಮರಳಿದರು. ಉಗ್ರಾಣದವನು ಕೂಡ ಬಂದ, ಟಿಕೆಟ್ ಕೊಂಡು! ಆ ವರ್ಷ, ಅದರ ಮುಂದಿನ ವರ್ಷ, ಅದರಾಚೆಯೂ ಹಾರ್ಲೆಸ್ ಮತ್ತು ಡಾಯ್ಲ್ ಜಗಳವಾಡುತ್ತಲೇ ಇದ್ದರು. ಅವರ ತಲೆ ನರೆತ ಮೇಲೆ ಹೆಣ್ಣುಮಕ್ಕಳು ಅದೇ ಜಗಳವನ್ನು ಅದೇ ತಿರುವುಗಳಲ್ಲಿ ಮುಂದುವರಿಸಿದರು. ಹಾರ್ಲೆಸನ ಮಗಳಂತೂ ಅಪ್ಪನಿಗಿಂತಲೂ ಗೋಡೆಯ ಹತ್ತಿರಕ್ಕೆ ಹೋಗಿ ತಿರುಗುತ್ತಿದ್ದಳು. ಚಂದಾ ಎತ್ತಲು ಯಾರ ಹೆಲ್ಮೆಟ್ಟೂ ಗ್ಯಾಲರಿಯಲ್ಲಿ ಸುತ್ತಲಿಲ್ಲ.

ಕೊನೆಗೆ ಜನರಿಗೆ ಜಾಗವೇ ಸಾಲದಾಯಿತು. ನಾಲ್ಕನೇ ತಿರುವಿಗೆ ಹೊಸ ಗ್ಯಾಲರಿ ಕಟ್ಟಬೇಕು, ಆದರೆ ಅಲ್ಲಿ ವರ್ಲೀನಳ ಮನೆಯಿದೆ. ಯಾರಿಗೂ ಆ ಮಾತೆತ್ತಲು ಬಾಯಿ ಬರಲಿಲ್ಲ. ಎತ್ತಿದವಳು ಅವಳೇ.

"ಕೆಡವಿ ಹಾಕ್ರೋ. ಇಷ್ಟು ವರ್ಷ ಬೀನ್ಸು ಸೀದುಹೋಗೋದನ್ನೂ ಲೆಕ್ಕಿಸದೆ ಅಡುಗೆಮನೆ ಕಿಟಕೀಲಿ ಇಣುಕಿದ್ದು ಸಾಕು. ಮೋಝೆಲ್ ಮನೇಲಿ ಕೋಣೆ ಇದೆ. ಇಲ್ಲಿ ನನಗೊಂದು ಕುರ್ಚಿ ಹಾಕಿಸಿ."

ಕೆಡವುವ ಮುಂಚಿನ ಶನಿವಾರ ಹಾರ್ಲೆಸ್ ಕೊನೆಯ ಪೆಟ್ಟಿಗೆಯನ್ನು ಹೊರಲು ಬಂದ. ಮನೆ ಖಾಲಿಯಾಗಿತ್ತು. ಗೋಡೆಗಳಲ್ಲಿ ಮೊಳೆಗಳಷ್ಟೇ ಉಳಿದಿದ್ದವು.

"ಒಂದ್ಸಲ ಒಳಗೆಲ್ಲ ನೋಡಿ ಬರ್ತೀರಾ, ಮಿಸ್ ವರ್ಲೀನ್? ನಾನು ಕಾಯ್ತೀನಿ."

ಅಷ್ಟರಲ್ಲಿ ಹೊರಗೆ ಯಾರದೋ ಇಂಜಿನ್ನು ಗುಡುಗಿತು, ಅದರ ಬೆನ್ನಿಗೆ ಇನ್ನೊಂದು. ಬಾಗಿಲ ಚೌಕಟ್ಟು ನಡುಗಿತು.

"ನಿನ್ನ ಮಗಳು ಆಗ್ಲೇ ಟ್ರ್ಯಾಕಿಗೆ ಇಳಿದ್ಲು, ನೀನಿಲ್ಲಿ ನಿಂತು ಒಳಗೆ ನೋಡಿ ಅಂತೀಯಾ!" ಎಂದು ಅವನನ್ನು ಮೊಣಕೈಯಿಂದ ತಳ್ಳಿ ಪಕ್ಕಕ್ಕೆ ಸರಿಸಿ, ವರ್ಲೀನ್ ಬಾಗಿಲನ್ನು ಹಾರುಹೊಡೆದಂತೆಯೇ ಬಿಟ್ಟು, ಕೆಮ್ಮಣ್ಣಿನ ಅಂಗಳಕ್ಕೆ ಇಳಿದು ಬಿರಬಿರನೆ ನಡೆದಳು.