ಎಂಟು ಮನೆಯ ವೈಫೈಗೆ ಅಕ್ಕನ ಕ್ಲಿಪ್ಪು

ಸಂಜೆಯಾದರೆ ಮೂರನೇ ಮನೆಯ ಅಕ್ಕನ ಸೆರಗಿನ ಅಂಚಿಗೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತಿದ್ದವು: ಕೆಂಪು, ಹಸಿರು, ನೀಲಿ, ಮುರಿದು ದಾರ ಸುತ್ತಿದ ಒಂದು ಹಳದಿ. ಸಿಂಧನೂರಿನ ಕಡೆಯವರು; ಇಂದಿರಾನಗರದ ಆಫೀಸೊಂದರಲ್ಲಿ ನೆಲ ಒರೆಸುವ ಕೆಲಸ. ರಾಮಮೂರ್ತಿ ನಗರದ ನಮ್ಮ ವಠಾರದಲ್ಲಿ ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಎಂಟು ಮನೆಗೂ ಒಂದೇ ವೈಫೈ. ಎಲ್ಲರೂ ಒಮ್ಮೆಗೇ ವಿಡಿಯೊ ಕಾಲ್ ಮಾಡಿದರೆ ಯಾರ ಮುಖವೂ ಅಲ್ಲಾಡುತ್ತಿರಲಿಲ್ಲ. ಮೊಬೈಲ್ ಟವರ್ ರಿಪೇರಿ ಮಾಡುವವನು ನಾನು. ಇದು ನನ್ನ ವಿದ್ಯೆ ಎಂದು ಎದೆಯುಬ್ಬಿಸಿ, ಮನೆಗೆ ಹದಿನೈದು ನಿಮಿಷದಂತೆ ಹಂಚಿ ಗೋಡೆಗೆ ಪಟ್ಟಿ ಅಂಟಿಸಿದೆ. ಎರಡೇ ದಿನಕ್ಕೆ ಜಗಳ! ಐದನೇ ಮನೆಯವರು ಸೆಕೆಂಡ್ ಶಿಫ್ಟಿಗೆ ಹೋದಾಗಲೂ ಅವರ ಪಾಳಿ ಮುಗಿಯಲೆಂದು ಉಳಿದವರು ಕಾಯುತ್ತಿದ್ದರು.

"ಮನ್ಯಾಗ ಇಲ್ಲದವ್ರಿಗೂ ಪಾಳಿ ಕೊಟ್ಟೀಯಲ್ಲೋ ತಮ್ಮಾ!" ಎಂದು ನಕ್ಕ ಅಕ್ಕ ಅಂಗಳದಲ್ಲಿ ಹಗ್ಗ ಕಟ್ಟಿದರು. "ವಿಡಿಯೊ ಬೇಕಾದವ್ರು ನನ್ ಕಡೆ ಕ್ಲಿಪ್ ಇಸ್ಕೊಂಡು ಸಾಲಾಗಿ ಹಾಕ್ರಿ. ಮುಗಿದ ಮ್ಯಾಲ ತೆಗೀರಿ. ಬರೀ ಮೆಸೇಜಿಗೆ ಪಾಳಿ ಬ್ಯಾಡ." ಅವರೂರಿನ ನಲ್ಲಿಯ ಮುಂದೆ ಕೊಡ ಇಡುವ ಕ್ರಮವಂತೆ. ಜಗಳ ನಿಂತಿತು. ಅಂದಿನಿಂದ ಮೊಬೈಲ್ ಹ್ಯಾಂಗ್ ಆದರೂ ಜನ ಅಕ್ಕನ ಬಾಗಿಲಿಗೇ ಹೋಗುತ್ತಿದ್ದರು. ಡಿಪ್ಲೊಮಾ ಓದಿದವನನ್ನು ಕೇಳುವವರೇ ಇಲ್ಲ! ಸಿಟ್ಟಿಗೆ ಅವರ ಹಳದಿ ಕ್ಲಿಪ್ ಮುರಿದವನು ನಾನೇ.

ಆಮೇಲೊಂದು ದಿನ ದೊಡ್ಡ ಕಂಪನಿಯಿಂದ ಸಂಜೆ ಆರಕ್ಕೆ ನನಗೆ ಆನ್‌ಲೈನ್ ಇಂಟರ್‌ವ್ಯೂ ಬಂತು. ಅಕ್ಕ ಊರಿನ ಮೊಮ್ಮಗಳ ಜೊತೆ ಮಾತಾಡುವ ಹೊತ್ತು ಅದು. ಆದರೂ ಬೇರೆ ಯಾರೂ ವಿಡಿಯೊ ಹಚ್ಚದಿರಲೆಂದು ಅವರು ಎಲ್ಲರ ಕ್ಲಿಪ್ಪುಗಳನ್ನೂ ಸೆರಗಿಗೆ ಸಿಕ್ಕಿಸಿಕೊಂಡು ನನ್ನ ಬಾಗಿಲಲ್ಲೇ ಕಾವಲು ಕೂತರು. ಒಳಗೆ ನನಗೆ ಬಂದ ಪ್ರಶ್ನೆ, ಒಂದೇ ನೆಟ್‌ವರ್ಕ್ ಚಾನೆಲನ್ನು ನೂರು ಜನಕ್ಕೆ ಹೇಗೆ ಹಂಚುತ್ತೀರಿ ಎಂದು. ಅಕ್ಕನ ಹಗ್ಗವನ್ನೇ ವಿವರಿಸಿದೆ. ಯಾರ ಐಡಿಯಾ ಎಂದರು. ನನ್ನದೇ ಎಂದೆ.

ಹೊರಗೆ ಬಂದಾಗ ಅಕ್ಕ, "ಏನ್ ಕೇಳಿದ್ರೋ ತಮ್ಮಾ?" ಎಂದರು.

"ಅದೆಲ್ಲ ನಿಮಗೆ ತಿಳಿಯಲ್ಲ ಬಿಡಿ ಅಕ್ಕ."

"ಹೌದಪ್ಪ, ನಾ ಓದಿಲ್ಲ" ಎಂದು ಹಳದಿ ಕ್ಲಿಪ್ ಹಗ್ಗಕ್ಕೆ ಹಾಕಿ ಊರಿಗೆ ಕರೆ ಮಾಡಿದರು. ಅಷ್ಟೊತ್ತಿಗೆ ಕೂಸು ಮಲಗಿಬಿಟ್ಟಿತ್ತು.

ಕೆಲಸ ಸಿಕ್ಕಿತು. ನಿಜ ಹೇಳಬೇಕು, ಹೇಳಬೇಕು ಎನ್ನುತ್ತಿರುವಾಗಲೇ ಕಾಮಾಲೆಯಾಗಿ ಅಕ್ಕ ಹೋಗಿಬಿಟ್ಟರು. ಈಗ ನನ್ನ ಮನೆ ಕಲ್ಯಾಣ ನಗರದಲ್ಲಿ, ವೈಫೈ ನನ್ನೊಬ್ಬನದೇ. ಮೊನ್ನೆ ವಠಾರಕ್ಕೆ ಹೋದಾಗ, ಹೊಸದಾಗಿ ಬಂದ ಹೆಂಗಸೊಬ್ಬರು ನನಗೇ ನಿಯಮ ಹೇಳಿಕೊಟ್ಟರು: "ಇದು ಅಕ್ಕನ ಹಗ್ಗ ರೀ. ಪಾಳಿ ಪ್ರಕಾರಾನೇ ಬರ್ಬೇಕು." ಹಳಬರೆಲ್ಲ ಮನೆ ಬದಲಿಸಿದ್ದರು; ನನ್ನ ಗುರುತು ಒಬ್ಬರಿಗೂ ಇಲ್ಲ. ಸತ್ತವರ ಮೇಲೂ ಹೊಟ್ಟೆಕಿಚ್ಚೇ, ಥೂ!

"ಹೌದು, ಅವರದೇ" ಎಂದೆ. ಇಂಟರ್‌ವ್ಯೂನಲ್ಲಿ ಈ ಎರಡು ಮಾತು ಬಾಯಿಗೆ ಬಂದಿರಲಿಲ್ಲ.