ಎದುರಂಗಡಿಗೆ ಕೇಳಿದರಷ್ಟೇ ಮಾಲು ಇಳಿದಂತೆ

ಬೆಳಕು ಇನ್ನೂ ಹರಿದಿಲ್ಲ. ಹುಮನಾಬಾದಿನ ಟೆಂಪೊ ಬಸವಕಲ್ಯಾಣದ ಮಾರ್ಕೆಟ್ ಓಣಿಯ ಬಾಯಿಗೆ ಬಂದು ನಿಂತಿದೆ. ಹಮಾಲ ಮಚ್ಚೇಂದ್ರ ಬೆಲ್ಲದ ಚೀಲ ಬೆನ್ನಿಗೇರಿಸಿ ಬಿರಬಿರನೆ ನಡೆಯುತ್ತಾರೆ. ಬಾಗಿಲು ತೆರೆಯದ ಅಂಗಡಿಯ ಕಟ್ಟೆಗೆ ಅದನ್ನಿಳಿಸಿ, ಎದುರಿಗೆ ತಿರುಗಿ ಕೂಗುತ್ತಾರೆ: "ಬೆಲ್ಲ ಇಳೀತೋ!"

ಚಹಾದಂಗಡಿಯ ರತ್ನಮಾಲಾ ಒಲೆಯ ಮುಂದಿನಿಂದಲೇ ಉತ್ತರಿಸುತ್ತಾರೆ: "ಕೇಳೀತೋ!"

ಈ ಉತ್ತರ ಬರದೆ ಮಚ್ಚೇಂದ್ರ ಜಾಗ ಬಿಡುವುದಿಲ್ಲ. ಮಾಲೀಕರು ಬರುವ ತನಕ ಮಾಲಿನ ಮೇಲೆ ಕಣ್ಣಿಡುವುದು ಕೇಳಿದವರ ಹೊಣೆ. "ನಮ್ಮಪ್ಪನೂ ಹಮಾಲನ. ಓದು ಬರ್ತಿರಲಿಲ್ರಿ. ದನೀನ ಅವನ ಸಹಿ," ಎನ್ನುತ್ತಾರೆ ಮಚ್ಚೇಂದ್ರ. ಮೋರಖಂಡಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಾರೆ. ಸಂಜೆ ಮೊಣಕಾಲು ಬಾತಿರುತ್ತದೆ; ಹೆಂಡತಿ ಸುಂದರಬಾಯಿ ಉಪ್ಪಿನ ಶಾಖ ಕೊಡುತ್ತಾರೆ.

ಈ ಚಳಿಗಾಲದಲ್ಲಿ ಆ ಸಹಿಯೇ ಸುಳ್ಳಾಗುವುದರಲ್ಲಿತ್ತು. ಇಸ್ತ್ರಿ ಅಂಗಿಯ ವಸೂಲಿಗಾರನೊಬ್ಬ ಅಂಗಡಿ ಅಂಗಡಿಗೆ ಅಚ್ಚುಕಟ್ಟಾದ ಬಿಲ್ ಹಿಡಿದು ಬರತೊಡಗಿದ. ಫಿನಾಯಿಲ್ ಕ್ಯಾನು ಕಳಿಸಿದ್ದೇವೆ, ನೀವಿಲ್ಲದಾಗ ಹಮಾಲ ಮಚ್ಚೇಂದ್ರ ಇಳಿಸಿಕೊಂಡಿದ್ದಾನೆ ಎಂಬ ಮಾತು. ದಾರ, ಲೇಸು ಮಾರುವ ಖುರ್ಷೀದ್ ಬೇಗಂ ಒಮ್ಮೆ ಕೊಟ್ಟೇಬಿಟ್ಟರು. "ಇನ್ನೊಬ್ಬರ ಹಕ್ಕಿನ ಪೈಸಾ ನಮ್ಮ ಗಲ್ಲಾದಾಗ ಹ್ಯಾಂಗ ಇಟ್ಕೊಳ್ಳೋದ್ರಿ?" ಎಂದು ಈಗ ಕೇಳುತ್ತಾರೆ. ಹೀಗೆ ಕೊಟ್ಟವರು ಇನ್ನೂ ಇದ್ದರು. ಮಾನಕ್ಕಂಜಿ ಯಾರೂ ಬಾಯಿ ಬಿಡಲಿಲ್ಲ. ಅಂಗಡಿಯಲ್ಲಿ ಕ್ಯಾನು ಕಾಣದ್ದರಿಂದ, ಅದನ್ನು ಕದ್ದವನು ಮಚ್ಚೇಂದ್ರ ಎಂದು ಮಾತ್ರ ಎಲ್ಲರೂ ಒಳಗೊಳಗೇ ನಂಬಿದರು. ಸೈಕಲ್ ಅಂಗಡಿಯ ಜಲಾಲುದ್ದೀನ್ ತಮ್ಮ ಮಾಲನ್ನು ಬೇರೆ ಹಮಾಲನಿಗೆ ಕೊಟ್ಟರು. "ಯಾಕಂತ ಯಾರೂ ಹೇಳಲಿಲ್ರಿ. ನಮಸ್ಕಾರ ಮಾಡಿದ್ರ ಮುಖ ತಿರುವತಿದ್ರು," ಎನ್ನುವಾಗ ಮಚ್ಚೇಂದ್ರರ ದನಿ ಕೆಳಗಿಳಿಯುತ್ತದೆ.

ವಸೂಲಿಗಾರ ಎರಡನೇ ಸಲ ಬಂದ. ಬೇಗಂ ಗಲ್ಲಾ ತೆರೆದಿದ್ದರು. ಅಷ್ಟರಲ್ಲಿ ರತ್ನಮಾಲಾ ಚಹಾ ತಂದರು.

"ಯಾತರ ಬಿಲ್ ಚಾಚಿ?"

"ಫಿನಾಯಿಲ್ದು. ಸೋಮವಾರ ಮುಂಜಾನೆ ಮಚ್ಚೇಂದ್ರ ಇಳಿಸ್ಯಾನಂತ."

"ನಾ ಕೇಳೇ ಇಲ್ಲಲ್ಲ!"

ರತ್ನಮಾಲಾ ಕೆಟಲಿ ಕೆಳಗಿಟ್ಟು ಓಣಿಗಿಳಿದರು. "ಏ, ಸೋಮವಾರ ಫಿನಾಯಿಲ್ ಇಳಿದದ್ದು ಯಾರರೆ ಕೇಳೀರೇನ್ರೋ?"

"ಕೇಳಿಲ್ಲ!" ಎಂದಿತು ಕ್ಷೌರದಂಗಡಿ. "ಕೇಳಿಲ್ಲ!" ಎಂದಿತು ಗಿರಣಿ. ಕೂಗು ಓಣಿಯ ತುದಿಯವರೆಗೆ ಓಡಿತು. ನಟ್ಟು ಬಿಗಿಯುವ ಪಾನಾ ಹಿಡಿದೇ ಹೊರಬಂದ ಜಲಾಲುದ್ದೀನ್ ಚೀರಿದರು: "ಅರೇ, ನನಗೂ ಇದೇ ಬಿಲ್ ಕೊಟ್ಟಾನ ಇವ!"

ವಸೂಲಿಗಾರ ಬೈಕು ತಿರುಗಿಸಿದ. ಆದರೆ ಓಣಿಯ ಬಾಯಿಗೆ ಟೆಂಪೊ ಅಡ್ಡ ನಿಂತಿತ್ತು. ಉಳಿದ ಸಂದಿಯಲ್ಲಿ ಚೀಲ ಹೊತ್ತ ಮಚ್ಚೇಂದ್ರ. "ಬಾಜೂಕ ಸರೀ ಸರೀ ಅಂದನ್ರಿ ಅವ. ಬೆನ್ನ ಮ್ಯಾಲ ಅಕ್ಕಿ ಅದ, ಹ್ಯಾಂಗ ಸರೀಲಿ?" ಎಂದು ಈಗಲೂ ನಗುತ್ತಾರೆ. ಪೊಲೀಸರು ಬರುವವರೆಗೂ ಅವರು ಚೀಲ ಇಳಿಸಲಿಲ್ಲ.

ಜಲಾಲುದ್ದೀನ್ ತಪ್ಪಾಯಿತು ಎಂದೇನೂ ಅನ್ನಲಿಲ್ಲ. ಮಾಲನ್ನು ಮತ್ತೆ ಮಚ್ಚೇಂದ್ರರಿಗೇ ಕೊಟ್ಟರು; ಈಗ ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ "ಕೇಳೀತೋ!" ಎನ್ನುವವರು ಅವರೇ.

ಹುಮನಾಬಾದಿನ ಹಮಾಲರೂ ಹೀಗೆ ಕೂಗತೊಡಗಿದ್ದಾರೆಂದು ಟೆಂಪೊದವರು ಸುದ್ದಿ ತಂದಿದ್ದಾರೆ. ಮಚ್ಚೇಂದ್ರ ತಲೆಯ ಟವೆಲ್ ಬಿಚ್ಚಿ ಕೊಡವುತ್ತಾರೆ.

"ಒಂದಿನ ಹೋಗಬೇಕ್ರಿ. ಬೆನ್ನ ಮ್ಯಾಲ ಏನೂ ಇರಬಾರದು. ಯಾವುದರೆ ಅಂಗಡಿ ಮುಂದ ಕುಂತು, ಅವರು ಕೂಗಿದಾಗ ನಾನೂ ಒಮ್ಮೆ 'ಕೇಳೀತೋ' ಅನಬೇಕು."